ಜೆನೆಸಿಸ್ ಬ್ಯಾಂಡಿನ 'ಪೀಕ್' ಯಾವುದು? ಐವತ್ತು ವರ್ಷದ ಜಗಳ, ನಿಮ್ಮ ಫೋನಿನ ಪಟ್ಟಿ

ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಫೋನ್ ಹೇಗೂ ಕೈಯಲ್ಲೇ ಇದೆಯಲ್ಲ, ಮ್ಯೂಸಿಕ್ ಆ್ಯಪ್ ತೆಗೆದು 'ಜೆನೆಸಿಸ್' ಅಂತ ಹುಡುಕಿ. ಇಂಗ್ಲೆಂಡಿನ ಬ್ಯಾಂಡು, 1967ರಲ್ಲಿ ಹುಟ್ಟಿದ್ದು. ಅದರ ಪುಟದಲ್ಲಿ ಜನಪ್ರಿಯ ಹಾಡುಗಳು ಅಂತ ಮೇಲ್ಗಡೆ ಬರುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು 1980ರ ದಶಕದವು. 'ಇನ್‌ವಿಸಿಬಲ್ ಟಚ್', 'ಲ್ಯಾಂಡ್ ಆಫ್ ಕನ್‌ಫ್ಯೂಷನ್', 'ದಟ್ಸ್ ಆಲ್'. ಮೂರರಿಂದ ಐದು ನಿಮಿಷ, ಎರಡು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತೆ.

ಈಗ ಇದೇ ಬ್ಯಾಂಡಿನ ಹಳೇ ಅಭಿಮಾನಿ ಒಬ್ಬರಿಗೆ ಈ ಪಟ್ಟಿ ತೋರಿಸಿ ನೋಡಿ. ಮುಖ ಹುಳ್ಳಗಾಗುತ್ತೆ. ಇದೆಲ್ಲ ಜೆನೆಸಿಸ್ಸೇ ಅಲ್ಲ ಕಣ್ರೀ, ಬ್ಯಾಂಡು 1975ಕ್ಕೇ ಮುಗೀತು ಅಂತಾರೆ. ಪಕ್ಕದಲ್ಲಿ ಇನ್ನೊಬ್ಬ ಅಭಿಮಾನಿ ಇದ್ದರೆ ಅಲ್ಲೇ ಶುರುವಾಗುತ್ತೆ: 1975ಕ್ಕೆ ಮುಂಚೆ ಇದ್ದದ್ದು ನರಿ ಮುಖವಾಡ ಹಾಕ್ಕೊಂಡು ಕಾಲು ಗಂಟೆ ಕಥೆ ಹೇಳ್ತಿದ್ದ ಹುಡುಗರ ಗುಂಪು, ಬ್ಯಾಂಡು ಬ್ಯಾಂಡಾಗಿದ್ದು ಆಮೇಲೆ ಅಂತ. ಈ ಜಗಳಕ್ಕೆ ಹೆಚ್ಚುಕಡಿಮೆ ಐವತ್ತು ವರ್ಷ. ರಾಕ್ ಸಂಗೀತದಲ್ಲಿ 'ಇವರ ಪೀಕ್ ಯಾವಾಗ' ಅನ್ನೋ ವಾದ ಎಲ್ಲ ಬ್ಯಾಂಡಿನ ಬಗ್ಗೆಯೂ ಇದೆ. ಆದರೆ ಇಷ್ಟು ಚೊಕ್ಕವಾಗಿ ಎರಡು ಪಾರ್ಟಿಯಾಗಿ ಒಡೆದ ಅಭಿಮಾನಿಗಳು ಬೇರೆಲ್ಲೂ ಸಿಗೋದು ಕಷ್ಟ. ಆ ಒಡಕು ನಿಜವಾಗಿ ಎಲ್ಲಿದೆ, ಇದರಲ್ಲಿ ನಿಮ್ಮ ಫೋನಿನ ಪಾತ್ರ ಏನು, ಇವತ್ತು ಅದನ್ನೇ ನೋಡೋಣ.

ಮೊದಲು ಜನರ ಪರಿಚಯ. ಚಾರ್ಟರ್‌ಹೌಸ್ ಅನ್ನೋ ದುಬಾರಿ ಬೋರ್ಡಿಂಗ್ ಶಾಲೆಯ ಹುಡುಗರು ಕಟ್ಟಿದ ಬ್ಯಾಂಡ್ ಇದು. ಪೀಟರ್ ಗೇಬ್ರಿಯಲ್ ಗಾಯಕ, ಟೋನಿ ಬ್ಯಾಂಕ್ಸ್ ಕೀಬೋರ್ಡು, ಮೈಕ್ ರುದರ್‌ಫರ್ಡ್ ಬಾಸ್ ಗಿಟಾರು. 1970ರಲ್ಲಿ ಡ್ರಮ್ಸ್‌ಗೆ ಫಿಲ್ ಕಾಲಿನ್ಸ್ ಬಂದರು, ಸ್ವಲ್ಪ ಸಮಯದಲ್ಲೇ ಗಿಟಾರ್‌ಗೆ ಸ್ಟೀವ್ ಹ್ಯಾಕೆಟ್. ಕಾಲಿನ್ಸ್ ಆ ಶಾಲೆಯವರಲ್ಲ. ಚಿಕ್ಕಂದಿನಲ್ಲೇ ಲಂಡನ್ ರಂಗಭೂಮಿಯಲ್ಲಿ 'ಆಲಿವರ್!' ನಾಟಕದಲ್ಲಿ ಪಾತ್ರ ಮಾಡಿದ್ದವರು, ಪತ್ರಿಕೆ ಜಾಹೀರಾತು ನೋಡಿ ಬಂದವರು. ಹೆಸರು ಗೊತ್ತಿಲ್ಲದಿದ್ದರೂ ಅವರ ಡ್ರಮ್ಸ್ ನಿಮಗೆ ಗೊತ್ತಿರುತ್ತೆ. 'ಇನ್ ದಿ ಏರ್ ಟುನೈಟ್' ಹಾಡಿನಲ್ಲಿ ಸುಮಾರು ಮೂರು ನಿಮಿಷ ನಲವತ್ತನೇ ಸೆಕೆಂಡಿಗೆ ಧಡಧಡ ಅಂತ ಒಂದು ಡ್ರಮ್ಸ್ ಬೀಳುತ್ತೆ ನೋಡಿ, ಅದೇ. 2020ರಲ್ಲಿ ಅಮೆರಿಕದ ಅವಳಿ ಹುಡುಗರಿಬ್ಬರು ಆ ಜಾಗ ಕೇಳಿ ಬೆಚ್ಚಿಬಿದ್ದ ವಿಡಿಯೊ ವೈರಲ್ ಆಗಿ, ಮೂವತ್ತೊಂಬತ್ತು ವರ್ಷ ಹಳೇ ಹಾಡು ಮತ್ತೆ ಡೌನ್‌ಲೋಡ್ ಪಟ್ಟಿ ಹತ್ತಿತ್ತು.

ಸರಿ, ಮೊದಲ ಪಾರ್ಟಿಗೆ ಬರೋಣ. ಅವರ ಪ್ರಕಾರ ಪೀಕ್ ಅಂದ್ರೆ 1971ರಿಂದ 1975, ಗೇಬ್ರಿಯಲ್ ಹಾಡ್ತಿದ್ದ ಕಾಲ.

ಪ್ರೊಗ್ರೆಸಿವ್ ರಾಕ್ ಅಂದ್ರೇನು ಅಂತ ಇಲ್ಲಿ ಒಂದು ಮಾತು ಹೇಳಬೇಕು. ರೇಡಿಯೊಗೆ ಬೇಕಾಗಿದ್ದದ್ದು ಮೂರು ನಿಮಿಷದ ಹಾಡು. 1960ರ ದಶಕದ ಕೊನೆಗೆ ಕೆಲವು ಬ್ರಿಟಿಷ್ ಬ್ಯಾಂಡುಗಳು, ನಮಗೆ ಮೂರು ನಿಮಿಷ ಸಾಲದು, ಎಲ್‌ಪಿ ರೆಕಾರ್ಡಿನ ಒಂದು ಪೂರ್ತಿ ಮಗ್ಗುಲು, ಅಂದ್ರೆ ಇಪ್ಪತ್ತು ಚಿಲ್ಲರೆ ನಿಮಿಷ, ಅದೇ ನಮ್ಮ ಅಂಗಳ ಅಂದವು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಇಂಗ್ಲಿಷ್ ಜಾನಪದ, ಜಾಜ್ ಎಲ್ಲ ಸೇರಿಸಿ, ಲಯ ಬದಲಾಯಿಸುತ್ತಾ ಒಂದೇ ಹಾಡಿನಲ್ಲಿ ಐದಾರು ಹಾಡು ಕಟ್ಟಿದವು.

ಜೆನೆಸಿಸ್‌ನ ಆ ಬಗೆಯ ದೊಡ್ಡ ಹಾಡು 'ಸಪ್ಪರ್ಸ್ ರೆಡಿ'. 1972ರ 'ಫಾಕ್ಸ್‌ಟ್ರಾಟ್' ಆಲ್ಬಮ್‌ನಲ್ಲಿದೆ. ಏಳು ಭಾಗ, ಸುಮಾರು 23 ನಿಮಿಷ. ಇದರ ಕೊನೆಯ ಹತ್ತಿರ ಒಂದು ಭಾಗ 9/8 ಲಯದಲ್ಲಿದೆ. ಪಾಶ್ಚಾತ್ಯ ಕಿವಿಗೆ ಇದು ತೊಡಕು, ನಮಗೆ ಅಷ್ಟಿಲ್ಲ. ಮೃದಂಗದ ಸೊಲ್ಲುಕಟ್ಟು ಕೇಳಿದ್ದರೆ ಸಲೀಸು: ತಕಿಟ ತಕ ತಕದಿಮಿ. ಮೂರು, ಎರಡು, ನಾಲ್ಕು, ಒಟ್ಟು ಒಂಬತ್ತು. ಕೈಯಲ್ಲಿ ತಟ್ಟಿ ನೋಡಿ. ರುದರ್‌ಫರ್ಡ್ ಮತ್ತು ಹ್ಯಾಕೆಟ್ ಆ ಒಂಬತ್ತನ್ನು ಬಿಡದೆ ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ. ಮೇಲೆ ಬ್ಯಾಂಕ್ಸ್ ಅವರ ಆರ್ಗನ್ ಆ ಲೆಕ್ಕಕ್ಕೆ ಸಿಗದೆ ತನ್ನ ಪಾಡಿಗೆ ತಾನು ಅಲೆಯುತ್ತೆ, ಕಾಲಿನ್ಸ್ ಎರಡರ ಮಧ್ಯೆ ಸೇತುವೆ ಕಟ್ತಾರೆ. ಯಾವುದೋ ದೊಡ್ಡ ಅನಾಹುತ ಹತ್ತಿರ ಬರ್ತಾ ಇದೆ ಅನ್ನೋ ಭಾವನೆ ಬರೋದು ಈ ಎಳೆದಾಟದಿಂದ. ಪದಗಳಿಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ.

ವೇದಿಕೆ ಮೇಲೆ ಗೇಬ್ರಿಯಲ್ ಮಾಡಿದ್ದು ಇನ್ನೊಂದು ಕಥೆ. 1972ರಲ್ಲಿ ಡಬ್ಲಿನ್‌ನ ಒಂದು ಕಾರ್ಯಕ್ರಮದಲ್ಲಿ ಯಾರಿಗೂ ಹೇಳದೆ ಕೇಳದೆ ಹೆಂಡತಿಯ ಕೆಂಪು ಗೌನು ಹಾಕ್ಕೊಂಡು, ತಲೆಗೆ ನರಿಯ ಮುಖ ಸಿಕ್ಕಿಸಿಕೊಂಡು ಬಂದರು. ಬ್ಯಾಂಡಿನವರಿಗೇ ಗಾಬರಿ. ಪತ್ರಿಕೆಗಳಿಗೆ ಫೋಟೊ ಸಿಕ್ಕಿತು. ಅಲ್ಲಿಂದ ಮುಂದೆ ಜನ ಇವರನ್ನು ಕೇಳೋಕಷ್ಟೇ ಅಲ್ಲ, ನೋಡೋಕೂ ಬರತೊಡಗಿದರು.

ಆಮೇಲೆ 1973ರ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್'. ವಾದ್ಯ ನುಡಿಸೋದರಲ್ಲಿ ಐದೂ ಜನ ಒಟ್ಟಿಗೆ ಮುಟ್ಟಿದ ಎತ್ತರ ಇದು ಅಂತ ನನ್ನ ಲೆಕ್ಕ. 'ಫರ್ತ್ ಆಫ್ ಫಿಫ್ತ್' ಕೇಳಿ. ಮೊದಲು ಬ್ಯಾಂಕ್ಸ್ ಅವರ ಪಿಯಾನೊ. ಮಧ್ಯದಲ್ಲಿ ಕೊಳಲಿನಲ್ಲಿ ಒಂದು ಸಣ್ಣ ಧಾಟಿ, ನುಡಿಸೋದು ಗೇಬ್ರಿಯಲ್. ಸ್ವಲ್ಪ ಹೊತ್ತಿಗೆ ಅದೇ ಧಾಟಿ ಹ್ಯಾಕೆಟ್ ಗಿಟಾರಿನಲ್ಲಿ ವಾಪಸ್ ಬರುತ್ತೆ, ಈ ಸಲ ಆಕಾಶದಷ್ಟು ದೊಡ್ಡದಾಗಿ. ಇಷ್ಟೆಲ್ಲ ಇದ್ದರೂ ಬ್ಯಾಂಡು ಸಾಲದಲ್ಲಿತ್ತು. ಆ ಆಲ್ಬಮ್ ಬ್ರಿಟನ್ನಿನಲ್ಲಿ 3ನೇ ಸ್ಥಾನದವರೆಗೆ ಹೋಯಿತು. ಆದರೆ ಮುಖವಾಡ, ಸ್ಲೈಡ್ ಶೋ, ಲೈಟು, ಲಾರಿ, ಇವೆಲ್ಲಕ್ಕೂ ದುಡ್ಡು ಬೇಕಲ್ಲ.

1974ರಲ್ಲಿ ಎರಡು ರೆಕಾರ್ಡಿನ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ'. ನ್ಯೂಯಾರ್ಕ್‌ನ ರಾಯೆಲ್ ಅನ್ನೋ ಹುಡುಗನ ವಿಚಿತ್ರ ಪ್ರಯಾಣದ ಕಥೆ. ಸಾಹಿತ್ಯ ನಾನೇ ಬರೀತೀನಿ ಅಂತ ಗೇಬ್ರಿಯಲ್ ಪಟ್ಟು ಹಿಡಿದರು. ಅದೇ ಸಮಯಕ್ಕೆ ಅವರ ಮೊದಲ ಮಗಳು ಹುಟ್ಟಿದಳು, ಹುಟ್ಟುವಾಗಲೇ ಜೀವಕ್ಕೆ ಅಪಾಯ. ಆಸ್ಪತ್ರೆಗೂ ಸ್ಟುಡಿಯೊಗೂ ಮಧ್ಯೆ ಓಡಾಡಿದ ಆ ದಿನಗಳಲ್ಲಿ ಬ್ಯಾಂಡಿನ ಜೊತೆಗಿನ ಸಂಬಂಧ ಸಡಿಲವಾಯಿತು. 1975ರಲ್ಲಿ ಪ್ರವಾಸ ಮುಗಿಸಿ ಹೊರಟರು.

ಹಳೇ ಅಭಿಮಾನಿಗಳ ಕಥೆ ಇಲ್ಲಿಗೆ ಮುಗಿಯುತ್ತೆ. ಬ್ಯಾಂಡಿನ ಕಥೆ ಮುಗಿಯಲಿಲ್ಲ.

ಎರಡನೇ ಪಾರ್ಟಿಯ ಕೈಯಲ್ಲಿರೋದು ಅಂಕಿ-ಅಂಶ. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಜೆನೆಸಿಸ್ ಮೊದಲ ಸಲ ನಂಬರ್ 1 ಆಗಿದ್ದು 1980ರಲ್ಲಿ, 'ಡ್ಯೂಕ್' ಆಲ್ಬಮ್‌ನಿಂದ. ಆಮೇಲೆ 1991ರವರೆಗೆ ಬಂದ ಹೊಸ ಸ್ಟುಡಿಯೊ ಆಲ್ಬಮ್‌ಗಳೆಲ್ಲ ಅಲ್ಲಿ ನಂಬರ್ 1. 1986ರ 'ಇನ್‌ವಿಸಿಬಲ್ ಟಚ್' ಆಲ್ಬಮ್ ಒಂದರಿಂದಲೇ ಐದು ಹಾಡುಗಳು ಅಮೆರಿಕದ ಮೊದಲ ಐದರೊಳಗೆ ಹೋದವು. 1987ರಲ್ಲಿ ವೆಂಬ್ಲಿ ಸ್ಟೇಡಿಯಂನಲ್ಲಿ ಸಾಲಾಗಿ ನಾಲ್ಕು ರಾತ್ರಿ. ಇದು ಪೀಕ್ ಅಲ್ಲ ಅಂದ್ರೆ ಮತ್ತ್ಯಾವುದು ಸ್ವಾಮಿ, ಅಂತ ಅವರ ಪ್ರಶ್ನೆ.

ಇಲ್ಲೊಂದು ಮಜಾ ಇದೆ. ಅದೇ 'ಇನ್‌ವಿಸಿಬಲ್ ಟಚ್' ಹಾಡು 1986ರ ಜುಲೈನಲ್ಲಿ ಅಮೆರಿಕದಲ್ಲಿ ನಂಬರ್ 1 ಆಯ್ತು. ಜೆನೆಸಿಸ್‌ಗೆ ಅಲ್ಲಿ ಸಿಕ್ಕ ಒಂದೇ ಒಂದು ನಂಬರ್ 1 ಅದು. ಒಂದೇ ವಾರಕ್ಕೆ ಅದನ್ನು ಕೆಳಗಿಳಿಸಿದ್ದು ಯಾರ ಹಾಡು ಗೊತ್ತಾ? ಪೀಟರ್ ಗೇಬ್ರಿಯಲ್ ಅವರ 'ಸ್ಲೆಡ್ಜ್‌ಹ್ಯಾಮರ್'. ಗೇಬ್ರಿಯಲ್ ಕಲೆಗಾಗಿ ಬದುಕಿದರು, ಕಾಲಿನ್ಸ್ ಚಾರ್ಟಿಗಾಗಿ ಅನ್ನೋರು ಈ ಎರಡು ವಾರ ನೆನಪಿಟ್ಟುಕೊಂಡರೆ ಒಳ್ಳೆಯದು. ಇನ್ನೊಂದು ಕುಹಕ: ಬ್ರೆಟ್ ಈಸ್ಟನ್ ಎಲ್ಲಿಸ್ ಬರೆದ 'ಅಮೆರಿಕನ್ ಸೈಕೊ' ಕಾದಂಬರಿಯಲ್ಲಿ ಎಂಬತ್ತರ ದಶಕದ ಜೆನೆಸಿಸ್ಸೇ ಶ್ರೇಷ್ಠ ಅಂತ ಉದ್ದಕ್ಕೆ ಹೊಗಳೋದು ಒಬ್ಬ ಕೊಲೆಗಾರ. ಮೊದಲ ಪಾರ್ಟಿಯವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾಗಿಲ್ಲ.

ಈಗ ನನ್ನ ತಕರಾರು. ಎರಡೂ ಪಾರ್ಟಿಗಳು ಗೆರೆ ಎಳೆಯೋದು ಗಾಯಕ ಬದಲಾದ ಜಾಗದಲ್ಲಿ. ಗೇಬ್ರಿಯಲ್ ಹೋದ, ಕಾಲಿನ್ಸ್ ಬಂದ, ಅಲ್ಲಿಗೆ ಪ್ರೊಗ್ರೆಸಿವ್ ಹೋಗಿ ಪಾಪ್ ಬಂತು ಅಂತ. ಆಲ್ಬಮ್‌ಗಳನ್ನು ಸಾಲಾಗಿ ಕೂತು ಕೇಳಿದರೆ ಆ ಗೆರೆ ಅಲ್ಲಿ ನಿಲ್ಲೋದೇ ಇಲ್ಲ.

1975ರಲ್ಲಿ ಗೇಬ್ರಿಯಲ್ ಬಿಟ್ಟಾಗ ಬ್ಯಾಂಡಿನ ಕಥೆ ಮುಗೀತು ಅಂತಲೇ ಪತ್ರಿಕೆಗಳು ಬರೆದವು. ಉಳಿದ ನಾಲ್ವರು ಗಾಯಕನಿಗಾಗಿ ತುಂಬಾ ಜನರನ್ನು ಪರೀಕ್ಷಿಸಿದರು. ಯಾರೂ ಹೊಂದಲಿಲ್ಲ. ಬಂದವರಿಗೆ ಹಾಡು ಹೇಳಿಕೊಡ್ತಾ ಇದ್ದದ್ದು ಡ್ರಮ್ಸ್‌ನ ಕಾಲಿನ್ಸ್. ಅವರು ಹೊಸಬರೇನಲ್ಲ, 1971ರ ಮತ್ತು 1973ರ ಆಲ್ಬಮ್‌ಗಳಲ್ಲಿ ಒಂದೊಂದು ಹಾಡನ್ನು ಅವರೇ ಹಾಡಿದ್ದರು. ಕೊನೆಗೆ ಅವರೇ ಮೈಕ್ ಮುಂದೆ ನಿಂತರು. 1976ರ ಫೆಬ್ರವರಿಯಲ್ಲಿ 'ಎ ಟ್ರಿಕ್ ಆಫ್ ದ ಟೇಲ್' ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ 'ವಿಂಡ್ ಆ್ಯಂಡ್ ವದರಿಂಗ್'. ಎರಡೂ ಅಪ್ಪಟ ಪ್ರೊಗ್ರೆಸಿವ್ ಆಲ್ಬಮ್‌ಗಳು. ಮೊದಲನೆಯದು ಶುರುವಾಗೋದೇ ಏಳರ ಲಯದಲ್ಲಿ. ಉದ್ದನೆಯ ಹಾಡು, ಕಥೆ, ಮೆಲೊಟ್ರಾನ್ ಎಲ್ಲ ಇದೆ. ಇಲ್ಲದೇ ಇರೋದು ಗೇಬ್ರಿಯಲ್ ಮಾತ್ರ.

ಯಾಕೆ ಹೀಗಾಯ್ತು ಅಂದ್ರೆ, ಜೆನೆಸಿಸ್‌ನ ಸಂಗೀತದ ಬೆನ್ನುಮೂಳೆ ಗಾಯಕ ಆಗಿರಲೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲ ಆಲ್ಬಮ್‌ಗಳಲ್ಲೂ ಇರೋದು ಇಬ್ಬರೇ: ಟೋನಿ ಬ್ಯಾಂಕ್ಸ್, ಮೈಕ್ ರುದರ್‌ಫರ್ಡ್. ವೇದಿಕೆ ಮೇಲೆ ಕೀಬೋರ್ಡ್ ಹಿಂದೆ ಮುಖ ಗಂಟಿಕ್ಕಿ ಕೂರೋ ಬ್ಯಾಂಕ್ಸ್ ಅವರನ್ನ ಯಾರೂ ಪೋಸ್ಟರಿಗೆ ಹಾಕಲ್ಲ. ಆದರೆ ಆ ರಾಗಭಾವ, ಆ ಸ್ವರಗಳ ಜೋಡಣೆ ಬಹುಪಾಲು ಅವರದು. ಹಳೇ ಪಾರ್ಟಿಯವರು ಗೇಬ್ರಿಯಲ್ ಹೆಸರಲ್ಲಿ ಕಣ್ಣೀರು ಹಾಕೋ ಹಾಡುಗಳಲ್ಲಿ ಎಷ್ಟೋ ಬ್ಯಾಂಕ್ಸ್ ಮನೆಯಿಂದ ಬಂದವು.

ಹಾಗಾದರೆ ನಿಜವಾದ ತಿರುವು ಎಲ್ಲಿ? ನನ್ನ ಪ್ರಕಾರ ಎರಡು ಜಾಗದಲ್ಲಿ, ಎರಡೂ ಗಾಯಕನಿಗೆ ಸಂಬಂಧಪಟ್ಟಿದ್ದಲ್ಲ.

ಒಂದು, 1977. ಹ್ಯಾಕೆಟ್ ಬಿಟ್ಟರು. ತಾನು ಬರೆದ ಹಾಡುಗಳಿಗೆ ಆಲ್ಬಮ್‌ನಲ್ಲಿ ಸಾಕಷ್ಟು ಜಾಗ ಸಿಗ್ತಿಲ್ಲ ಅನ್ನೋದು ಅವರ ಅಸಮಾಧಾನ. ಮೂರೇ ಜನ ಉಳಿದರು, ಮುಂದಿನ ಆಲ್ಬಮ್‌ಗೆ ಹೆಸರೇ 'ಅ್ಯಂಡ್ ದೆನ್ ದೇರ್ ವರ್ ತ್ರೀ'. ಆ ಗಿಟಾರಿನ ಬಣ್ಣ ಹೋದ ಮೇಲೆ ಬ್ಯಾಂಡಿನ ಸದ್ದೇ ತೆಳುವಾಯಿತು, ಹಾಡುಗಳು ಚಿಕ್ಕದಾದವು.

ಎರಡು, 1981. ಹಿಂದಿನ ವರ್ಷ ಬ್ಯಾಂಡಿನವರು ಸರ್‍ರೆ ಕೌಂಟಿಯಲ್ಲಿ ಒಂದು ಹಳೇ ಜಾಗ ಕೊಂಡು, ಅಲ್ಲೇ 'ದ ಫಾರ್ಮ್' ಅನ್ನೋ ಸ್ವಂತ ಸ್ಟುಡಿಯೊ ಮಾಡ್ಕೊಂಡರು. 1981ರ 'ಅಬಕ್ಯಾಬ್' ಅಲ್ಲೇ ಹುಟ್ಟಿದ್ದು. ಮುಂಚೆ ಒಬ್ಬೊಬ್ಬರು ಮನೆಯಲ್ಲಿ ಬರ್ಕೊಂಡು ಬಂದ ತುಂಡುಗಳನ್ನು ಜೋಡಿಸ್ತಿದ್ದರು. ಈಗ ಮೂವರೂ ಏನೂ ತಯಾರಿ ಇಲ್ಲದೆ ಕೂತು, ನುಡಿಸ್ತಾ ನುಡಿಸ್ತಾ ಏನು ಬರುತ್ತೋ ಅದನ್ನೇ ಹಾಡು ಮಾಡತೊಡಗಿದರು. ಗಂಟೆಗೆ ಇಷ್ಟು ಅಂತ ಬಾಡಿಗೆ ಕಟ್ಟೋ ಸ್ಟುಡಿಯೊದಲ್ಲಿ ಈ ವಿಧಾನ ಕೈ ಸುಡುತ್ತೆ. ಸ್ವಂತದ್ದಾದರೆ ಸಾಧ್ಯ. ಹೀಗೆ ಹುಟ್ಟಿದ ಹಾಡಿನಲ್ಲಿ ಲಯದ ಹಿಡಿತ ಜೋರಾಗಿರುತ್ತೆ, ವಾಸ್ತುಶಿಲ್ಪ ಕಡಿಮೆ.

ಇದರ ಜೊತೆ ಆ ಡ್ರಮ್ಸ್ ಸದ್ದು. ಎಂಬತ್ತರ ದಶಕದ ಜೆನೆಸಿಸ್ ಅಂದ್ರೆ ಹಳಬರಿಗೆ ಕಿವಿ ಕಚ್ಚೋದು ಇದೇ: ಗೋಡೆಗೆ ಬಡಿದಂತೆ ದೊಡ್ಡದಾಗಿ ಬಂದು, ಕತ್ತರಿಸಿದ ಹಾಗೆ ಥಟ್ಟಂತ ನಿಲ್ಲೋ ಡ್ರಮ್ಸ್. ಗೇಟೆಡ್ ರಿವರ್ಬ್ ಅಂತಾರೆ. ಕೋಣೆಯ ಪ್ರತಿಧ್ವನಿಯನ್ನು ಹಿಡಿದು, ಕಂಪ್ರೆಸರ್ ಹಾಕಿ ಹಿಗ್ಗಿಸಿ, ಅದು ತಾನಾಗಿ ಕರಗೋ ಮುಂಚೆ ಬಾಗಿಲು ಹಾಕಿಬಿಡೋದು, ಇಷ್ಟೇ ತಂತ್ರ. ಇದು ಮೊದಲು ಪ್ರಸಿದ್ಧವಾಗಿದ್ದು ಎಲ್ಲಿ? 1980ರಲ್ಲಿ ಬಂದ ಪೀಟರ್ ಗೇಬ್ರಿಯಲ್ ಅವರ ಮೂರನೇ ಸೋಲೊ ಆಲ್ಬಮ್‌ನ 'ಇಂಟ್ರೂಡರ್' ಹಾಡಿನಲ್ಲಿ. ಡ್ರಮ್ಸ್ ನುಡಿಸಿದ್ದು ಅತಿಥಿಯಾಗಿ ಬಂದ ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಡ್ಯಮ್. ಸಿಂಬಲ್ಸ್ ಬೇಡ ಅಂತ ಹೇಳಿದ್ದು ಗೇಬ್ರಿಯಲ್. ಆಮೇಲೆ ಕಾಲಿನ್ಸ್ ಅದನ್ನು ತಮ್ಮ ಸೋಲೊಗೆ ಒಯ್ದರು, ಪ್ಯಾಡ್ಯಮ್ ಅವರನ್ನು ಜೆನೆಸಿಸ್‌ಗೆ ಕರ್ಕೊಂಡು ಬಂದರು. ಬ್ಯಾಂಡನ್ನು ಕೆಡಿಸಿತು ಅಂತ ಬೈಯೋ ಸದ್ದು ಗೇಬ್ರಿಯಲ್ ಅಂಗಳದಲ್ಲೇ ಮೊಳೆತದ್ದು.

ಇನ್ನು ಪ್ರೊಗ್ರೆಸಿವ್ ಪೂರ್ತಿ ಸತ್ತೇ ಹೋಯ್ತಾ? 1980ರ 'ಟರ್ನ್ ಇಟ್ ಆನ್ ಅಗೇನ್' ಹಿಟ್ ಹಾಡು, ಎಲ್ಲರೂ ಕುಣಿದಿದ್ದಾರೆ. ಚಪ್ಪಾಳೆ ತಟ್ಟಿ ಎಣಿಸಿ ನೋಡಿ, ಹದಿಮೂರಕ್ಕೊಮ್ಮೆ ತಿರುಗುತ್ತೆ. ಕುಣಿಯೋರು ಕಾಲು ತಪ್ಪೋದು ಅದಕ್ಕೇ. 'ಇನ್‌ವಿಸಿಬಲ್ ಟಚ್' ಆಲ್ಬಮ್‌ನಲ್ಲೇ 'ಡಾಮಿನೊ' ಅನ್ನೋ ಹತ್ತು ನಿಮಿಷ ದಾಟೋ ಎರಡು ಭಾಗದ ಹಾಡಿದೆ. ಹಿಟ್‌ಗಳ ಮಧ್ಯೆ ಒಂದೊಂದು ಉದ್ದ ಹಾಡನ್ನು ಕೊನೆಯವರೆಗೂ ಇಟ್ಟುಕೊಂಡೇ ಬಂದರು.

ಅಭಿಮಾನಿಗಳು ಇಷ್ಟು ಹಟ ಹಿಡಿಯೋದಕ್ಕೆ ಸಂಗೀತದ ಆಚೆಗಿನ ಕಾರಣವೂ ಇದೆ. ಹದಿಹರೆಯದಿಂದ ಇಪ್ಪತ್ತರ ಆಚೀಚೆ ಕೇಳಿದ್ದು ನೆನಪಿನಲ್ಲಿ ಆಳವಾಗಿ ಕೂರುತ್ತೆ, ಮನಃಶಾಸ್ತ್ರದವರು ಇದನ್ನು ಬಹಳ ಸಲ ತೋರಿಸಿದ್ದಾರೆ. 1973ರಲ್ಲಿ ಹದಿನೇಳು ವರ್ಷ ಆಗಿದ್ದವರಿಗೆ ಪೀಕ್ 1973. 1986ರಲ್ಲಿ ಎಂಟಿವಿ ನೋಡ್ತಾ ಹದಿನೇಳಾದವರಿಗೆ 1986. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈಗ ಮೂರನೆಯವರೊಬ್ಬರು ತೀರ್ಪು ಕೊಡೋಕೆ ಕೂತಿದ್ದಾರೆ, ಅದು ನಿಮ್ಮ ಆ್ಯಪ್.

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ಹಾಡು ಮೂರೂವರೆ ನಿಮಿಷದ್ದಾದರೂ ಒಂದು, 23 ನಿಮಿಷದ್ದಾದರೂ ಒಂದೇ. 'ಸಪ್ಪರ್ಸ್ ರೆಡಿ' ಒಂದು ಸಲ ಮುಗಿಯೋ ಹೊತ್ತಿಗೆ 'ಇನ್‌ವಿಸಿಬಲ್ ಟಚ್' ಆರು ಸಲ ಮುಗಿದಿರುತ್ತೆ. ಎಲ್‌ಪಿ ಕಾಲದಲ್ಲಿ ರೆಕಾರ್ಡ್ ಕೊಂಡರೆ ಕೊಂಡ ಹಾಗೆ, ಒಳಗೆ ಎಂಟು ಹಾಡಿದ್ದರೂ ಒಂದೇ ಮಾರಾಟ, ಎರಡಿದ್ದರೂ ಒಂದೇ. ಈಗ ಉದ್ದ ಹಾಡು ಎಣಿಕೆಯಲ್ಲೇ ಹಿಂದೆ ಬೀಳುತ್ತೆ. ಎಣಿಕೆಯಲ್ಲಿ ಹಿಂದೆ ಬಿದ್ದದ್ದು ಪಟ್ಟಿಯಲ್ಲಿ ಕಾಣಲ್ಲ, ಪಟ್ಟಿಯಲ್ಲಿ ಕಾಣದ್ದನ್ನು ಹೊಸಬರು ಒತ್ತಲ್ಲ. ಜೆನೆಸಿಸ್‌ನ ಮೊದಲ ಹತ್ತು ವರ್ಷ ನಿಮಗೆ ಎದುರಾಗದೇ ಹೋದರೆ ಅದಕ್ಕೆ ನಿಮ್ಮ ರುಚಿ ಕಾರಣ ಅಲ್ಲ, ಇದೂ ಒಂದು ಕಾರಣ. ಈ ಐವತ್ತು ವರ್ಷದ ಜಗಳದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸೋದು ಈ ಒಂದೇ ವಿಷಯ.

ಬ್ಯಾಂಡಿನವರು ಮಾತ್ರ ಯಾವ ಪಾರ್ಟಿಗೂ ಸೇರಿದವರಲ್ಲ. 1982ರಲ್ಲಿ ಗೇಬ್ರಿಯಲ್ ಶುರು ಮಾಡಿದ ವೊಮ್ಯಾಡ್ ಸಂಗೀತ ಉತ್ಸವ ಭಾರೀ ನಷ್ಟಕ್ಕೆ ಬಿತ್ತು, ಸಾಲಗಾರರು ಬೆನ್ನು ಹತ್ತಿದರು. ಆಗ ಹಳೇ ಗೆಳೆಯರು ಅದೇ ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಸುರಿಯೋ ಮಳೆಯಲ್ಲಿ ಒಂದೇ ಒಂದು ರಾತ್ರಿ ಅವರ ಜೊತೆ ನುಡಿಸಿ ಸಾಲ ತೀರಿಸಲು ನೆರವಾದರು. ಕಾಲಿನ್ಸ್ ಡ್ರಮ್ಸ್ ಹಿಂದೆ ಹೋಗಿ ಕೂತರು, ಕೊನೆಯ ಎರಡು ಹಾಡಿಗೆ ಹ್ಯಾಕೆಟ್ ಕೂಡ ಬಂದರು.

1996ರಲ್ಲಿ ಕಾಲಿನ್ಸ್ ಬಿಟ್ಟರು. ರೇ ವಿಲ್ಸನ್ ಹಾಡಿದ 1997ರ ಆಲ್ಬಮ್ ಬ್ರಿಟನ್ನಿನಲ್ಲಿ 2ನೇ ಸ್ಥಾನ ಮುಟ್ಟಿದರೂ ಅಮೆರಿಕದಲ್ಲಿ ನಡೆಯಲಿಲ್ಲ, ಅಲ್ಲಿನ ಪ್ರವಾಸ ರದ್ದಾಯಿತು. ಅದು ಪೀಕ್ ಅಂತ ವಾದಿಸೋರನ್ನ ನಾನಿನ್ನೂ ನೋಡಿಲ್ಲ.

ನನ್ನ ವೋಟು ಯಾವುದಕ್ಕೆ ಅಂತ ಕೇಳಿದರೆ, 1976ಕ್ಕೆ. ಸಾಲ ಇತ್ತು, ಗಾಯಕ ಇರಲಿಲ್ಲ, ಪಂಕ್ ಅನ್ನೋ ಹೊಸ ಅಲೆ ಬಂದು ಇಂಥ ಉದ್ದುದ್ದ ಹಾಡುಗಳನ್ನೇ ಗೇಲಿ ಮಾಡ್ತಿತ್ತು. ಅಂಥ ವರ್ಷದಲ್ಲಿ ನಾಲ್ಕು ಜನ ಎರಡು ಆಲ್ಬಮ್ ಮಾಡಿದರು. 'ಲ್ಯಾಂಬ್'ನ ಹುಚ್ಚು ಸಾಹಸ ಅವುಗಳಲ್ಲಿ ಇಲ್ಲ, ಒಪ್ತೀನಿ. ಆದರೆ ಎರಡೂ ಪಾರ್ಟಿಯವರು ಪ್ರೀತಿಸೋ ಗುಣಗಳು ಒಟ್ಟಿಗೆ ಸಿಗೋದು ಅಲ್ಲಿ ಮಾತ್ರ.

ಕೊನೆಯ ಕಾರ್ಯಕ್ರಮ 2022ರ ಮಾರ್ಚ್ 26ರಂದು ಲಂಡನ್ನಿನ ಓ2 ಅರೀನಾದಲ್ಲಿ. ಬೆನ್ನುಹುರಿ ಮತ್ತು ನರದ ತೊಂದರೆಯಿಂದ ಕಾಲಿನ್ಸ್‌ಗೆ ಕೋಲು ಹಿಡಿಯೋಕಾಗ್ತಿರಲಿಲ್ಲ. ಕುರ್ಚಿಯಲ್ಲಿ ಕೂತೇ ಹಾಡಿದರು, ಡ್ರಮ್ಸ್ ನುಡಿಸಿದ್ದು ಮಗ ನಿಕ್. ಪ್ರೇಕ್ಷಕರ ನಡುವೆ ಗೇಬ್ರಿಯಲ್ ಇದ್ದರು. ಕಟ್ಟಕಡೆಗೆ ಹಾಡಿದ್ದು ಎಂಬತ್ತರ ದಶಕದ ಹಿಟ್ ಅಲ್ಲ, 1974ರ 'ದ ಕಾರ್ಪೆಟ್ ಕ್ರಾಲರ್ಸ್'.

ಕೇಳೋರಿಗೆ ಒಂದು ದಾರಿ: ಮೊದಲು 'ಟರ್ನ್ ಇಟ್ ಆನ್ ಅಗೇನ್', ಆಮೇಲೆ 'ಫರ್ತ್ ಆಫ್ ಫಿಫ್ತ್', ಅದು ಹಿಡಿಸಿದರೆ 'ಎ ಟ್ರಿಕ್ ಆಫ್ ದ ಟೇಲ್' ಪೂರ್ತಿ, ಶಫಲ್ ಆಫ್ ಮಾಡಿ. 'ಸಪ್ಪರ್ಸ್ ರೆಡಿ'ಯನ್ನು ಒಂದು ರಾತ್ರಿಗೆ ಇಟ್ಟುಕೊಳ್ಳಿ. ಹೆಡ್‌ಫೋನ್ ಬೇಕೇ ಬೇಕು, ಫೋನಿನ ಸ್ಪೀಕರಿನಲ್ಲಿ ರುದರ್‌ಫರ್ಡ್ ಅವರ ಬಾಸ್ ಪೆಡಲ್ ಕೇಳಿಸೋದೇ ಇಲ್ಲ.